ಅದು ನಫಲ್ ಅಲ್ಲ, ಹುಳಿಸೊಪ್ಪು

ದೋಹಾಕ್ಕೆ ಬಂದ ಮೂರನೆಯ ಬೆಳಿಗ್ಗೆ, ಬಸ್ಸಿನ ಕಿಟಕಿಯಿಂದ ನಾನು ಲಾರಿಯಿಂದ ಹುಲ್ಲು ಇಳಿಸುವುದನ್ನು ನೋಡಿದೆ. ಹಸುವಿಗೆ ಹಾಕುವ ಹುಲ್ಲಲ್ಲ. ಬೇರು, ಮಣ್ಣು ಸಮೇತ ಜೀವಂತ ಹುಲ್ಲನ್ನು ಚಾಪೆಯಂತೆ ಸುರುಳಿ ಸುತ್ತಿ ತಂದಿದ್ದರು. ಇಬ್ಬರು ಕೆಲಸಗಾರರು ಒಂದೊಂದೇ ಸುರುಳಿಯನ್ನು ಹೆಗಲ ಮೇಲೆ ಹೊತ್ತು ತಂದು ಮರಳಿನ ಮೇಲೆ ಬಿಚ್ಚಿದರು, ಅಂಚುಗಳನ್ನು ಕಾಲಿನಿಂದ ತಟ್ಟಿ ಕೂರಿಸಿದರು, ನೀರು ಬಿಟ್ಟರು. ಬಸ್ಸಿಗೆ ಹಸಿರು ದೀಪ ಸಿಗುವಷ್ಟರಲ್ಲಿ ಮರಳಿದ್ದ ಜಾಗದಲ್ಲಿ ಒಂದು ಅಂಗಳದಷ್ಟು ಹುಲ್ಲು ಬಂದಿತ್ತು. ಪಕ್ಕದಲ್ಲಿ ಕುಳಿತ ಗಂಡ ವಿಲ್ಲಿಯ ಕೈ ಹಿಡಿದು ತೋರಿಸಿದೆ. ಅವರು ಇಲ್ಲಿ ಎರಡು ವರ್ಷ ಮೊದಲೇ ಬಂದವರು. ಇಲ್ಲಿ ಎಲ್ಲ ಹೀಗೇ ಎಂದು ಹೇಳಿ ಮೊಬೈಲ್ ನೋಡತೊಡಗಿದರು.

ನಮ್ಮ ಕಾರ್ಕಳದ ಕಡೆ ಹುಲ್ಲನ್ನು ಯಾರೂ ತರುವುದಿಲ್ಲ, ಓಡಿಸುತ್ತಾರೆ. ಮೆಟ್ಟಿಲಿನ ಸಂದಿನಿಂದ, ಹಂಚಿನ ಎಡೆಯಿಂದ, ಶಾಲೆಯ ಮೈದಾನದ ಗೋಲು ಕಂಬದ ಬುಡದಿಂದ ಅದನ್ನು ಕಿತ್ತು ಹಾಕುವುದೇ ಒಂದು ಕೆಲಸ. ಇಲ್ಲಿ ಹುಲ್ಲಿನ ಪ್ರತಿ ತುಂಡಿಗೂ ನಕ್ಷೆಯುಂಟು, ಅದರ ನೀರಿಗೆ ವೇಳಾಪಟ್ಟಿಯುಂಟು, ಅದು ಹಳದಿಯಾದರೆ ಯಾರಾದರೂ ಕಾರಣ ಬರೆದು ಕೊಡಬೇಕು. ಇದು ನನಗೆ ಹೇಗೆ ಗೊತ್ತೆಂದರೆ, ಮರುವರ್ಷದಿಂದ ಆ ಕಾರಣಗಳನ್ನೆಲ್ಲ ಫೈಲಿಗೆ ಹಾಕುವವಳು ನಾನೇ ಆದೆ.

ಊರಿನಲ್ಲಿ ನಾನು ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಗ್ಲ್ಯಾಡಿಸ್ ಟೀಚರ್ ಎಂದರೆ ನಮ್ಮ ಸುತ್ತಮುತ್ತ ಗೊತ್ತಾಗುತ್ತಿತ್ತು. ಇಲ್ಲಿ ಶಾಲೆಗಳಿಗೆ ಅರ್ಜಿ ಹಾಕಿದೆ. ನನ್ನ ಪ್ರಮಾಣಪತ್ರಗಳು ಮುದ್ರೆ ಹಾಕಿಸಿಕೊಳ್ಳಲು ಮೂರು ಊರು ಸುತ್ತಿ ಬಂದವು, ಕೆಲಸ ಬರಲಿಲ್ಲ. ಕೊನೆಗೆ ವಸತಿ ಸಂಕೀರ್ಣಗಳ ತೋಟ ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆದೆ. ಬರುವ, ಹೋಗುವ ಪ್ರತಿ ಪತ್ರಕ್ಕೂ ನಂಬರು ಕೊಟ್ಟು ದಾಖಲಿಸುವುದು ನನ್ನ ಕೆಲಸ. ನನ್ನ ನಂಬರಿಲ್ಲದ ಹಾಳೆ ಆ ಕಚೇರಿಯಿಂದ ಹೊರಗೆ ಹೋಗುವಂತಿಲ್ಲ. ಊರಿನ ಕೆಲವರು ಇದನ್ನು ಕೇಳಿ ನನ್ನ ಬಗ್ಗೆ ಮರುಗಿದರಂತೆ. ಆ ಮರುಕ ನನಗೆ ಬೇಡವೆಂದು ಇಲ್ಲಿಂದಲೇ ಹೇಳಿಬಿಡುತ್ತೇನೆ. ನಾನು ಯಾವ ಕುರ್ಚಿಯಲ್ಲಿ ಕುಳಿತರೂ ಕಲಿತದ್ದು ನನ್ನೊಂದಿಗೇ ಕುಳಿತುಕೊಳ್ಳುತ್ತದೆ.

ಮೊದಲ ಎಂಟು ತಿಂಗಳು ನಾವು ನಜ್ಮಾದಲ್ಲಿದ್ದೆವು. ದೋಹಾದ ಹಳೆಯ ಭಾಗ ಅದು. ಕೆಳಗೆ ದರ್ಜಿಯ ಅಂಗಡಿ, ಪಕ್ಕದಲ್ಲಿ ಚಹಾ, ಪರೋಟ ಮಾರುವ ಕೆಫೆಟೇರಿಯಾ. ಒಂದು ಮನೆಯನ್ನು ಪ್ಲೈವುಡ್ಡಿನಿಂದ ಮೂರು ಮಾಡಿದ್ದರು, ಅಡುಗೆಮನೆ ಮೂರು ಸಂಸಾರಗಳಿಗೂ ಒಂದೇ. ಮೀನು ಹುರಿಯಲು ನಮಗೆ ಶುಕ್ರವಾರ ಬೆಳಗಿನ ಒಂದು ತಾಸು ಮಾತ್ರ ಎಂದು ಒಪ್ಪಂದವಾಗಿತ್ತು. ದಿನವೂ ಮೀನಿಲ್ಲದೆ ಊಟ ಮಾಡದ ನಾನು ಗೋಡೆಯ ಗಡಿಯಾರ ನೋಡಿ ಬಂಗುಡೆ ಮಗುಚುತ್ತಿದ್ದೆ. ಮಗಳು ರಿಯಾ ಆಗ ಐದು ವರ್ಷದವಳು. ಅವಳಿಗೆ ಆಡಲು ಕೆಫೆಟೇರಿಯಾದ ಮುಂದಿನ ನಾಲ್ಕು ಕಲ್ಲುಚಪ್ಪಡಿ ಬಿಟ್ಟರೆ ಬೇರೆ ನೆಲವಿರಲಿಲ್ಲ. ಭಾನುವಾರಗಳಲ್ಲಿ ಅಮ್ಮನಿಗೆ ಫೋನ್ ಮಾಡಿ, ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ, ಫೋನಿಟ್ಟ ಮೇಲೆ ಪ್ಲೈವುಡ್ ಗೋಡೆಯಾಚೆಗೆ ಕೇಳದಂತೆ ಅಳುತ್ತಿದ್ದೆ. ಆಮೇಲೆ ಅಲ್ ಸದ್ದ್‌ನಲ್ಲಿ ಒಂದು ಸ್ವಂತ ಬಾಗಿಲಿನ ಫ್ಲ್ಯಾಟ್ ಸಿಕ್ಕಿತು. ಬಾಲ್ಕನಿ ಎರಡು ಹೆಜ್ಜೆ ಅಗಲ. ಮೊದಲ ದಿನವೇ ಬಂಗುಡೆ ತಂದು, ಗಡಿಯಾರ ನೋಡದೆ ಹುರಿದೆ.

ಕಚೇರಿಯ ಭಾಷೆ ಇಂಗ್ಲಿಷು, ಅದರ ಮೇಲೆ ಹಿಂದಿ, ಮಲಯಾಳ, ಅರಬಿಯ ಚೂರುಗಳು. ಹೊರಡೋಣ ಎನ್ನಲು ಯಲ್ಲಾ, ಮುಗಿಯಿತು ಎನ್ನಲು ಖಲಾಸ್, ಇಲ್ಲ ಎನ್ನಲು ಮಾಫಿ. ಮೂರು ಪದ ಕಲಿತರೆ ಒಂದು ವರ್ಷ ಸಾಗುತ್ತದೆ. ಕನ್ನಡ ಮಾತಾಡಲು ಅಲ್ಲಿ ಇಬ್ಬರಿದ್ದರು. ಒಬ್ಬರು ನಮ್ಮ ವಿಭಾಗದ ಮ್ಯಾನೇಜರ್ ಮುರಳೀಧರ್, ಮೈಸೂರಿನವರು. ನಯವಾಗಿ ಮಾತಾಡುವ, ಯಾರಿಗೂ ಬೇಸರ ಮಾಡಲು ಇಷ್ಟವಿಲ್ಲದ ಮನುಷ್ಯ. ಇನ್ನೊಬ್ಬರು ಉಳ್ಳಾಲದ ಹಸನಬ್ಬ, ಐವತ್ತೈದು ದಾಟಿದ ತೋಟಗಾರರು. ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬಂದಾಗ ನಾನು ಕನ್ನಡ ಟೀಚರ್ ಆಗಿದ್ದವಳೆಂದು ಹೇಗೋ ತಪ್ಪಾಗಿ ತಿಳಿದುಕೊಂಡು, ಅಂದಿನಿಂದ ಟೀಚರೇ ಎಂದೇ ಕರೆಯುತ್ತಿದ್ದರು. ಇಡೀ ದೋಹಾದಲ್ಲಿ ನನ್ನನ್ನು ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ.

ಕಳೆದ ಚಳಿಗಾಲದ ಮಾತು. ಅಲ್ ಗರಾಫಾದ ಒಂದು ವಿಲ್ಲಾ ಸಂಕೀರ್ಣದ ಹುಲ್ಲುಹಾಸನ್ನು ಹಸನಬ್ಬರು ನೋಡಿಕೊಳ್ಳುತ್ತಿದ್ದರು. ಅಲ್ಲಿ ಮಕ್ಕಳು ಆಡುವ ಜಾಗದಲ್ಲಿ ಹಳದಿ ಹೂವಿನ ಒಂದು ಸಣ್ಣ ಕಳೆ ಎದ್ದು, ಎರಡು ತಿಂಗಳಲ್ಲಿ ತೇಪೆ ಹಚ್ಚಿದಂತೆ ಹರಡಿತು. ಸಂಕೀರ್ಣದವರು ದೂರು ಬರೆದರು. ಒಂದು ಮಧ್ಯಾಹ್ನ ಮುರಳೀಧರ್ ನನ್ನ ಮೇಜಿನ ಬಳಿ ಬಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು. "ನೀವು ಬಾಟನಿ ಓದಿದೋರಲ್ವಾ ಮೇಡಂ, ಇದೇನು ಅಂತ ಹೇಳ್ತೀರಾ?" ಎಂದರು.

ಐದು ವರ್ಷಗಳಲ್ಲಿ ಆ ಕಚೇರಿಯಲ್ಲಿ ಯಾರೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ಆ ಸಂತೋಷವೇ ನನ್ನನ್ನು ಕೆಡಿಸಿತು. ಫೋಟೋದಲ್ಲಿ ಮೂರೆಲೆ ಕಂಡಿತು, ಮುದುಡಿದ ಹಳದಿ ಚುಕ್ಕೆಗಳು ಕಂಡವು. ನಾನು ಯೋಚಿಸದೆ, ಇದು ನಫಲ್ ಜಾತಿಯದು ಎಂದೆ. ನಫಲ್ ಎಂದರೆ ಇಲ್ಲಿ ಚಳಿಗಾಲದ ಮಳೆ ಬಿದ್ದರೆ ಬಯಲಿನಲ್ಲಿ ಏಳುವ ಮೂರೆಲೆಯ ಮೇವಿನ ಗಿಡ, ಕುರಿಗಳಿಗೆ ಪ್ರಿಯ. ಹೇಗೆ ಬಂದಿರಬಹುದು ಎಂದು ಅವರು ಕೇಳಿದರು. ಕುರಿ ಗೊಬ್ಬರದಲ್ಲಿ ಬೀಜ ಬರುತ್ತದೆ ಎಂದು, ಪಾಠ ಹೇಳುವ ದನಿಯಲ್ಲಿ, ವಿವರಿಸಿಬಿಟ್ಟೆ. ಅವರು ಥ್ಯಾಂಕ್ಸ್ ಹೇಳಿ ಹೋದರು. ಅಂದು ಸಂಜೆ ಮನೆಗೆ ಹೋಗಿ ವಿಲ್ಲಿಗೂ ರಿಯಾಗೂ ಅದನ್ನು ಹೆಮ್ಮೆಯಿಂದ ಹೇಳಿಕೊಂಡೆ.

ಒಂದು ವಾರ ಕಳೆದು ನನ್ನ ಮೇಜಿಗೆ ನಂಬರು ಕೊಡಬೇಕಾದ ಪತ್ರವೊಂದು ಬಂತು. ಹಸನಬ್ಬರನ್ನು ಕೆಲಸದಿಂದ ತೆಗೆಯುವ ಪತ್ರ. ಅವರು ಯಾರನ್ನೂ ಕೇಳದೆ, ತಮ್ಮ ಪರಿಚಯದವನೊಬ್ಬನ ಇಜ್ಬಾದಿಂದ, ಅಂದರೆ ಮರುಭೂಮಿಯಲ್ಲಿ ಕುರಿ ಒಂಟೆ ಸಾಕುವ ದೊಡ್ಡಿಯಿಂದ, ಗೊಬ್ಬರ ತಂದು ಹಾಕಿದ್ದರಂತೆ. ಹುಲ್ಲು ಮಂಕಾಗಿದೆ ಎಂದು ಅವರು ಮಾಡಿದ ಕೆಲಸವದು. ಪತ್ರದ ಎರಡನೆಯ ಪ್ಯಾರಾದಲ್ಲಿ, ಗೊಬ್ಬರದಿಂದ ನಫಲ್ ಕಳೆ ಹರಡಿದ್ದು ತಜ್ಞರ ಅಭಿಪ್ರಾಯದಿಂದ ಖಚಿತವಾಗಿದೆ ಎಂದಿತ್ತು. ಆ ತಜ್ಞೆ ನಾನು. ಒಂದು ಫೋಟೋ ನೋಡಿ, ಅರ್ಧ ನಿಮಿಷದಲ್ಲಿ.

ಪತ್ರವನ್ನು ಡ್ರಾಯರಿನಲ್ಲಿಟ್ಟೆ. ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ಬದಲು ಅಲ್ ಗರಾಫಾಕ್ಕೆ ಹೋದೆ.

ಹಸನಬ್ಬರು ಒಂದು ಚೂರಿ ಹಿಡಿದು ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದರು. ನಾನು ಅವರ ಪಕ್ಕ ಮಂಡಿಯೂರಿದೆ. ಬಿಸಿಲೇರಿ ಹೂವುಗಳೆಲ್ಲ ಅರಳಿದ್ದವು. ನೋಡಿದ ಕ್ಷಣದಲ್ಲೇ ನನ್ನ ತಪ್ಪು ತಿಳಿಯಿತು. ನಫಲ್‌ನ ಹೂವು ಅವರೆ ಹೂವಿನ ಜಾತಿಯದು, ಪುಟ್ಟ ಪುಟ್ಟದಾಗಿ ಗೊಂಚಲಿನಲ್ಲಿರುತ್ತದೆ. ಇದಕ್ಕೆ ಬಿಡಿಬಿಡಿಯಾಗಿ ಐದು ದಳ. ಎಲೆಗಳು ಮೂರು ನಿಜ, ಆದರೆ ಪ್ರತಿಯೊಂದೂ ತುದಿಯಲ್ಲಿ ಸೀಳಿದ ಹೃದಯದ ಆಕಾರ. ಹೂವಿನ ಪಕ್ಕದಲ್ಲೇ ಬೆಂಡೆಕಾಯಿಯ ಮರಿಗಳಂತೆ ನೆಟ್ಟಗೆ ನಿಂತ ಕಾಯಿಗಳು. ಒಂದನ್ನು ಮುಟ್ಟಿದೆ, ಒಡೆದು ಬೀಜಗಳು ನನ್ನ ಮಣಿಕಟ್ಟಿಗೆ ಸಿಡಿದವು. ಆಕ್ಸಾಲಿಸ್. ಈ ಗಿಡದ ಒಣಗಿಸಿದ ಮಾದರಿಯನ್ನು ನಾನು ಹನ್ನೊಂದು ವರ್ಷ ಮಕ್ಕಳಿಗೆ ತೋರಿಸಿದ್ದೆ. ಎಲೆ ಎಣಿಸಿ ಹೆಸರು ಹೇಳಬೇಡಿ, ಹೂವನ್ನು ನೋಡಿ ಎಂದು ಬೈದು ಅಂಕ ಕಳೆದಿದ್ದೆ. ಫೋಟೋ ತೆಗೆದದ್ದು ಸಂಜೆ, ಹೂವು ಮುದುಡುವ ಹೊತ್ತಿಗೆ. ಅದನ್ನು ಕೇಳುವ ತಾಳ್ಮೆಯೂ ನನಗಿರಲಿಲ್ಲ.

"ಹುಳಿಸೊಪ್ಪು ಟೀಚರೇ ಇದು," ಎಂದರು ಹಸನಬ್ಬರು. ಒಂದೆಲೆ ಕಿತ್ತು ಬಾಯಿಗೆ ಹಾಕಿ, ಜಗಿದು, ಉಗುಳಿದರು. ಆ ಹುಲ್ಲಿಗೆ ಬಿಡುವುದು ಶುದ್ಧ ಮಾಡಿದ ಚರಂಡಿ ನೀರು, ನಾನು ಗಾಬರಿಯಾದೆ. ಅವರು ನಕ್ಕು ಬಾಯಿ ಒರೆಸಿಕೊಂಡರು. "ಗೊಬ್ಬರದ್ದಲ್ಲ. ಚಟ್ಟಿಯಲ್ಲಿ ಬಂದದ್ದು. ಆ ಅಂಚಿನ ಹೂಗಿಡಗಳು ಬಂತಲ್ಲ ಹೊರದೇಶದಿಂದ, ಅದರ ಚಟ್ಟಿಯ ಮಣ್ಣಿನಲ್ಲಿ ಇದು ಮೊದಲೇ ಇತ್ತು. ನಾನು ಸೂಪರ್‌ವೈಸರ್‌ಗೆ ಹೇಳಿದ್ದೇನೆ. ನೀನು ಗಿಡದ ಡಾಕ್ಟರಾ ಅಂತ ಕೇಳಿದ."

ಹೇಳದೆ ಬಿಡುವಂತಿರಲಿಲ್ಲ. "ಇದನ್ನು ನಫಲ್ ಅಂತ ಹೇಳಿದ್ದು ನಾನು ಹಸನಬ್ಬರೇ. ಗೊಬ್ಬರದಲ್ಲಿ ಬರ್ತದೆ ಅಂತ ಹೇಳಿದ್ದೂ ನಾನೇ."

ಅವರು ಚೂರಿಯ ಮಣ್ಣನ್ನು ಹುಲ್ಲಿಗೆ ಒರೆಸಿದರು.

"ನೋಡದೆ ಹೇಳಿದ್ದಾ?"

"ಫೋಟೋ ನೋಡಿ."

"ಈಗ ನೋಡಿದಿರಲ್ಲ," ಎಂದರು. "ಇನ್ನು ಸರಿಯಾಗಿ ಹೇಳಿ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಗಳ ಮದುವೆ ಮುಗಿಸಿ ಬಂದವರು, ಇನ್ನೆರಡು ವರ್ಷ ದುಡಿದು ಊರಿಗೆ ಹೋಗಿ ಮಲ್ಲಿಗೆ ಬೆಳೆಯುತ್ತೇನೆ ಎನ್ನುತ್ತಿದ್ದವರು. ಅಲ್ಲಿಂದ ಒಂದು ಗಿಡವನ್ನು ಬೇರು ಸಮೇತ ಚಹಾದ ಪೇಪರ್ ಕಪ್ಪಿನಲ್ಲಿ ಹಾಕಿಕೊಂಡು ನಾನು ಕಚೇರಿಗೆ ಬಂದೆ.

ಮುರಳೀಧರ್ ಮೊದಲು ನಕ್ಕರು. ತಪ್ಪು ಎಲ್ಲರಿಂದಲೂ ಆಗುತ್ತದೆ, ಬಿಡಿ ಎಂದರು. ನಂತರ ನಾನು ಪತ್ರದ ವಿಷಯ ಎತ್ತಿದಾಗ ದನಿ ತಗ್ಗಿಸಿದರು. "ಫೈಲ್ ಖಲಾಸ್ ಮೇಡಂ. ಕ್ಲೈಂಟ್‌ಗೆ ಹೇಳಿಯಾಗಿದೆ. ಈಗ ಗಿಡದ ಹೆಸರು ಕಟ್ಕೊಂಡು ಏನ್ ಮಾಡೋಣ?"

"ಈ ಪತ್ರಕ್ಕೆ ನಾನು ನಂಬರು ಕೊಡುದಿಲ್ಲ ಸರ್."

"ಅದು ನಿಮ್ಮ ಕೆಲಸ ಕಣ್ರೀ."

"ಸುಳ್ಳಿಗೆ ನಂಬರು ಹಾಕುದು ನನ್ನ ಕೆಲಸ ಅಲ್ಲ. ಬೇರೆಯವರ ಹತ್ತಿರ ಹಾಕಿಸಿ. ಆದ್ರೆ ತಜ್ಞರು ಯಾರು ಅಂತ ಯಾರಾದ್ರೂ ಕೇಳಿದ್ರೆ ನಾನು ಸುಮ್ಮನೆ ಕೂತುಕೊಳ್ಳುದಿಲ್ಲ."

ನನ್ನ ವೀಸಾ ಕೂಡ ಆ ಕಂಪನಿಯದೇ. ಊರಿನಲ್ಲಿ ಹೆಡ್‌ಮಾಸ್ಟರರೊಂದಿಗೆ ಜಗಳವಾಡಿದರೆ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಮಲಗಬಹುದು. ಇಲ್ಲಿ ಕೆಲಸ ಹೋದರೆ ಅದರ ಹಿಂದೆಯೇ ಇರುವ ಹಕ್ಕೂ ಹೋಗುತ್ತದೆ. ಅದು ಗೊತ್ತಿದ್ದೇ ಹೇಳಿದೆ. ಹೇಳಿ, ಪೇಪರ್ ಕಪ್ಪನ್ನು ಅವರ ಮುಂದೆ ಇಟ್ಟೆ.

ಅವರು ಅದನ್ನು ದೂರ ಸರಿಸಲು ಕೈ ಚಾಚಿದವರು ಹಾಗೇ ಹಿಡಿದುಕೊಂಡು ನೋಡಿದರು. ಎಲೆಯೊಂದನ್ನು ಬೆರಳಿನಲ್ಲಿ ಉಜ್ಜಿ ಮೂಸಿದರು. "ಇದು ಪುಲ್ಲಂಪುರಚಿ ಅಲ್ವೇನ್ರೀ? ನಮ್ಮಜ್ಜಿ ಇದರಲ್ಲಿ ಚಟ್ನಿ ಮಾಡೋರು. ಬಾವಿ ಪಕ್ಕ ನಾನೇ ಕಿತ್ಕೊಂಡು ಬರ್ತಿದ್ದೆ."

ಮೈಸೂರಿನ ಕಡೆ ಹುಳಿಸೊಪ್ಪಿಗೆ ಇರುವ ಹೆಸರು ಅದು. ಫೋಟೋದಲ್ಲಿ ಅವರಿಗೂ ಗೊತ್ತಾಗಿರಲಿಲ್ಲ. ಆದರೆ ಹೆಸರು ಸಿಕ್ಕ ಮಾತ್ರಕ್ಕೆ ಅವರು ಸೋಲಲಿಲ್ಲ. ಗಿಡ ಯಾವುದಾದರೇನು, ಗೊಬ್ಬರದಲ್ಲೇ ಬಂದಿರಬಹುದಲ್ಲ ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ಪರೀಕ್ಷಿಸಿ ತೋರಿಸಲು ನಾನು ಎರಡು ವಾರ ಸಮಯ ಕೇಳಿದೆ, ಅವರು ಹತ್ತು ದಿನ ಕೊಟ್ಟರು, ಅಲ್ಲಿಯವರೆಗೆ ಪತ್ರ ಡ್ರಾಯರಿನಲ್ಲೇ ಇರಲಿ ಎಂದು ಒಪ್ಪಿದರು.

ನಮ್ಮ ಎರಡು ಹೆಜ್ಜೆಯ ಬಾಲ್ಕನಿ ಆ ಹತ್ತು ದಿನ ಪ್ರಯೋಗಶಾಲೆಯಾಯಿತು. ಹಸನಬ್ಬರ ಬಳಿ ಚೀಲದಲ್ಲಿ ಉಳಿದ ಕುರಿ ಗೊಬ್ಬರ ತರಿಸಿದೆ. ಗೋದಾಮಿನ ಅಂಗಳದಲ್ಲಿ ಇನ್ನೂ ನೆಡದೆ ಇದ್ದ, ಅದೇ ಹೊರದೇಶದಿಂದ ಬಂದ ಹೂಕುಂಡಗಳ ಮೇಲ್ಮಣ್ಣು ಕೆರೆದು ತಂದೆ. ಮರಳನ್ನು ಓವನ್ನಿನಲ್ಲಿ ಕಾಯಿಸಿ, ಅದರಲ್ಲಿ ಬೇರೆ ಬೀಜ ಉಳಿಯದಂತೆ ಮಾಡಿ, ಎರಡು ಟ್ರೇಗಳಲ್ಲಿ ಹರಡಿದೆ. ಒಂದಕ್ಕೆ ಗೊಬ್ಬರ ಬೆರೆಸಿದೆ, ಇನ್ನೊಂದಕ್ಕೆ ಕುಂಡದ ಮಣ್ಣು. ಓವನ್ನಿನಲ್ಲಿ ಮರಳು ಬೇಯಿಸುವುದನ್ನು ಕಂಡು ವಿಲ್ಲಿ ನನಗೆ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದರು. ನೀರು ಚಿಮುಕಿಸುವ ಕೆಲಸ ರಿಯಾ ವಹಿಸಿಕೊಂಡಳು. ಮನೆಯಲ್ಲಿ ನಾವು ಕೊಂಕಣಿ ಆಡುತ್ತೇವೆ, ಶಾಲೆಯಲ್ಲಿ ಅವಳಿಗೆ ಇಂಗ್ಲಿಷು. ಕನ್ನಡ ಅಜ್ಜಿಯ ಫೋನಿಗೆ ಮಾತ್ರ. ಆ ದಿನಗಳಲ್ಲಿ ನಾನು ಅವಳೊಂದಿಗೆ ಪಾಠದ ಕನ್ನಡ ಮಾತಾಡಿದೆ. ಮೊಳಕೆ, ಬೀಜದಳ, ಕಾಂಡ. ಮೊಳಕೆ ಎನ್ನಲು ಬರದೆ ಅವಳು ಮೊಲಕೆ ಎಂದು ಹಾರಿಬಂದು ಎಬ್ಬಿಸಿದ್ದು ಏಳನೆಯ ಬೆಳಿಗ್ಗೆ.

ಗೊಬ್ಬರದ ಟ್ರೇಯಲ್ಲಿ ನಿಜವಾದ ನಫಲ್ ಎದ್ದಿತ್ತು, ಜೊತೆಗೆ ಎರಡು ತರಹದ ಹುಲ್ಲು. ಹುಳಿಸೊಪ್ಪು ಒಂದೂ ಇರಲಿಲ್ಲ. ಕುಂಡದ ಮಣ್ಣಿನಲ್ಲಿ ಎದ್ದದ್ದೆಲ್ಲ ಹುಳಿಸೊಪ್ಪೇ. ಹತ್ತನೆಯ ದಿನಕ್ಕೆ ಪುಟ್ಟ ಹೃದಯದೆಲೆಗಳು ಕಣ್ಣಿಗೆ ಕಾಣುವಷ್ಟಾದವು. ಎರಡೂ ಟ್ರೇಗಳನ್ನು ಮಡಿಲಲ್ಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಕಚೇರಿಗೆ ಹೋದೆ. ಚಾಲಕ ತಿರುವುಗಳಲ್ಲಿ ನಿಧಾನ ಮಾಡಿದ.

ಮುರಳೀಧರ್ ಕನ್ನಡಕ ತೆಗೆದು ಬಾಗಿ ನೋಡಿದರು. ಗೋದಾಮಿಗೆ ಫೋನ್ ಮಾಡಿ, ಅಂದು ಬೆಳಿಗ್ಗೆಯಷ್ಟೇ ಬಂದಿದ್ದ, ನಮ್ಮವರಾರೂ ಮುಟ್ಟದ ಅದೇ ಸರಬರಾಜಿನ ಕುಂಡಗಳನ್ನು ತೆಗೆದು ನೋಡಲು ಹೇಳಿದರು. ಹತ್ತು ನಿಮಿಷದಲ್ಲಿ ಉತ್ತರ ಬಂತು: ಬುಡದಲ್ಲಿ ಹಳದಿ ಹೂವು ಇವೆ. ಅವರು ಫೋನಿಟ್ಟು, ಡ್ರಾಯರಿನ ಪತ್ರ ಕೊಡಿ ಎಂದು ಕೈ ಚಾಚಿದರು. ಕೊಟ್ಟೆ. ಅದನ್ನು ಎರಡಾಗಿ ಹರಿದರು.

ಹೊಸ ಟಿಪ್ಪಣಿಯನ್ನು ನಾನು ಬರೆದೆ. ಹಿಂದಿನ ಗುರುತು ತಪ್ಪೆಂದು ನಂತರ ತಿಳಿದುಬಂದಿದೆ ಎಂದಷ್ಟೇ ಬರೆಯಿರಿ, ಹೆಸರು ಯಾಕೆ ಎಂದು ಮುರಳೀಧರ್ ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಒಪ್ಪಲಿಲ್ಲ. ಗುರುತಿಸಿದವಳು ನಾನು, ತಪ್ಪಿದವಳು ನಾನು, ಹೂವು ನೋಡಿ ಸರಿಪಡಿಸಿದವಳು ನಾನು ಎಂದು ಪೂರ್ಣ ಹೆಸರು ಹಾಕಿ, ಇದನ್ನು ಮೊದಲೇ ಸರಿಯಾಗಿ ಗುರುತಿಸಿದವರು ತೋಟಗಾರ ಹಸನಬ್ಬ ಎಂದೂ ಬರೆದೆ. ಐದು ವರ್ಷದಲ್ಲಿ ಆ ಕಚೇರಿಯಲ್ಲಿ ನನ್ನ ಹೆಸರಿನಲ್ಲಿ ಹೊರಟ ಮೊದಲ ಕಾಗದ ಅದು.

ಎಲ್ಲವೂ ಸುಖಾಂತವಾಯಿತೆಂದು ಹೇಳಲಾರೆ. ಕೇಳದೆ ಗೊಬ್ಬರ ಹಾಕಿದ್ದಕ್ಕೆ ಹಸನಬ್ಬರಿಗೆ ಎಚ್ಚರಿಕೆ ಪತ್ರ ಬಂತು, ಅವರು ಅದನ್ನು ಮಡಿಸಿ ಜೇಬಿಗಿಟ್ಟು ಕೆಲಸಕ್ಕೆ ಹೋದರು. ಪತ್ರವನ್ನು ತಡೆಹಿಡಿದದ್ದಕ್ಕೆ ನನಗೂ ಒಂದು ಮೆಮೋ ಬಂತು. ಅದಕ್ಕೆ ನಂಬರು ಕೊಟ್ಟು, ನನ್ನದೇ ಫೈಲಿನಲ್ಲಿ, ನಾನೇ ಹಾಕಿದೆ. ಹುಳಿಸೊಪ್ಪು ಅಲ್ ಗರಾಫಾದ ಹುಲ್ಲಿನಿಂದ ಹೋಗಲಿಲ್ಲ, ಅದು ಹಾಗೆಲ್ಲ ಹೋಗುವ ಗಿಡವಲ್ಲ. ವಾರಕ್ಕೊಮ್ಮೆ, ಕಾಯಿ ಬಲಿಯುವ ಮೊದಲು, ಹಸನಬ್ಬರು ಚೂರಿ ಹಿಡಿದು ಬೇರಿನಿಂದ ಎತ್ತುತ್ತಾರೆ.

ವಿಲ್ಲಿ ಒಂದು ಸಂಜೆ, ನಾವೂ ಹಾಗೇ ಅಲ್ಲವೇ, ಎಲ್ಲಿಂದಲೋ ಬಂದು ಇಲ್ಲಿ ಬೇರು ಬಿಟ್ಟವರು ಎಂದರು. ಪ್ರೀತಿಯಿಂದಲೇ ಹೇಳಿದರು. ನನಗೆ ಸಿಟ್ಟು ಬಂತು. ಕರೆಯದೆ ಬಂದದ್ದು ಕಳೆ. ನಮ್ಮನ್ನು ಕಾಗದ ಕಳಿಸಿ, ರಕ್ತ ಪರೀಕ್ಷಿಸಿ, ಬೆರಳಚ್ಚು ತೆಗೆದು ಕರೆಸಿಕೊಂಡಿದ್ದಾರೆ. ನಾವು ಬಂದು ಕೆಲಸ ಮಾಡಿದ್ದೇವೆ. ನಮ್ಮ ಗುರುತಿನ ಚೀಟಿಯಲ್ಲಿ ಮುಗಿಯುವ ತಾರೀಕು ಇರುತ್ತದೆ, ಆ ತಾರೀಕನ್ನು ನೋಡಿಯೂ ನಾವು ಬಾಲ್ಕನಿಯಲ್ಲಿ ಬೀಜ ಹಾಕುತ್ತೇವೆ. ಇದನ್ನು ಹುಲ್ಲಿನೊಳಗಿನ ಗಿಡಕ್ಕೆ ಹೋಲಿಸುವುದು ಗಿಡಕ್ಕೂ ಸರಿಯಲ್ಲ, ನಮಗೂ ಸರಿಯಲ್ಲ. ಇನ್ನು ಆ ಹುಳಿಸೊಪ್ಪಿನ ಮೂಲ ಊರು ಯಾವುದೆಂದು ಓದಿದವರಿಗೂ ಖಚಿತವಿಲ್ಲ. ಕತಾರಿಗೆ ಅದು ಹೊರಗಿನದು ಎಂಬುದು ಮಾತ್ರ ಗೊತ್ತು.

ಈ ವರ್ಷದ ರಜೆಯಲ್ಲಿ ಊರಿಗೆ ಹೋಗಿದ್ದೆ. ತಮ್ಮನ ಮಗುವಿನ ನಾಮಕರಣ ಮುಗಿದು ಇಗರ್ಜಿಯ ಅಂಗಳದಲ್ಲಿ ಎಲ್ಲರೂ ಫೋಟೋಗೆ ನಿಂತಿದ್ದರು. ನಾನು ಹೊಸ ಚಪ್ಪಲಿ ಕಚ್ಚಿತೆಂದು ಮೆಟ್ಟಿಲ ಮೇಲೆ ಕುಳಿತಿದ್ದೆ. ನೆಲಕ್ಕೆ ಹಾಸಿದ ಇಂಟರ್‌ಲಾಕ್ ಕಲ್ಲುಗಳ ಸಂದಿಯಲ್ಲಿ ಅದೇ ಹಳದಿ ಹೂವು. ನೆರೆಮನೆಯ ಎಂಟು ವರ್ಷದ ಹುಡುಗಿ ಶ್ರಾವ್ಯಾ ನನ್ನ ಪಕ್ಕ ಬಂದು ಕುಳಿತು, ಒಂದೆಲೆ ಕಿತ್ತು ಬಾಯಿಗಿಟ್ಟು ಮುಖ ಹುಳಿ ಮಾಡಿದಳು. ನನಗೂ ಒಂದು ಕೊಟ್ಟಳು. ಇಲ್ಲಿ ಬೀಳುವುದು ಮಳೆಯ ನೀರು, ತಿನ್ನಬಹುದು. ತಿಂದೆ.

"ಆಂಟಿ, ನಿಮ್ಮ ಊರಲ್ಲಿ ಇದು ಉಂಟಾ?" ಎಂದು ಕೇಳಿದಳು.

ಅವಳು ಹುಟ್ಟುವ ಮೊದಲು ಈ ಅಂಗಳದಲ್ಲೇ ನಾನು ಮದುವೆಯ ಫೋಟೋಗೆ ನಿಂತಿದ್ದೆ. ನನ್ನ ಊರು ಇದೇ ಎಂದು ಹೇಳಲು ಬಾಯಿ ತೆರೆದೆ.

"ಉಂಟು," ಎಂದೆ. "ನಮ್ಮಲ್ಲಿಯೂ ಉಂಟು."

ನನ್ನ ಮಾತು ನನಗೇ ಕೇಳಿಸಿತು. ಅದನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ಎಲ್ಲರೂ ನನ್ನನ್ನು ಫೋಟೋಗೆ ಕರೆದರು. ಚಪ್ಪಲಿಯನ್ನು ಮೆಟ್ಟಿಲಲ್ಲೇ ಬಿಟ್ಟು, ಬರಿಗಾಲಲ್ಲಿ ಹೋಗಿ ಅವರ ನಡುವೆ ನಿಂತೆ.